ಮನೆಯವರ ಪಾಳಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಅನ್ನುತ್ತಾರೆ. ಇದ್ದರೆ ಇರಲಿ. ಯಾರಾದರೂ ನನ್ನೆದುರು ಕೂತು, ‘ನಿಮ್ಮ ಅಕ್ಕ ಎಂಥ ಪುಣ್ಯವಂತಿ, ಜೀವ ತೇಯ್ದು ಮಂದಿಗೆ ಮಾಡಿದಳು’ ಎಂದು ರಾಗ ತೆಗೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಎದ್ದು ಒಳಗೆ ಹೋಗಿಬಿಡುತ್ತೇನೆ. ಹೊಗಳುವವರದೇನು ಹೋಗುತ್ತದೆ? ಆಕೆ ಹೇಗೆ ಹೋದಳೆಂದು ಅವರು ನೋಡಿಲ್ಲ. ನಾನು ನೋಡಿದ್ದೇನೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮ ಕಡೆ ನೆಗೆಣ್ಣಿ ಅನ್ನುತ್ತಾರೆ. ನಾನು ಆ ಮನೆ ಹೊಕ್ಕಾಗ ಆಕೆ ತನ್ನ ಒಬ್ಬಳೇ ಮಗಳನ್ನು ಕುಂದಗೋಳದ ಕಡೆ ಲಗ್ನ ಮಾಡಿ ಕೊಟ್ಟು ಕೈ ತೊಳೆದುಕೊಂಡಿದ್ದಳು. ನಲವತ್ತರ ಹತ್ತಿರದ ವಯಸ್ಸು, ಕಟ್ಟುಮಸ್ತಾದ ಮೈ, ಒಂದು ಜಾಗದಲ್ಲಿ ಕೂತವಳಲ್ಲ. ನನ್ನ ಬಾಯಿ ಜೋರು, ಆಕೆಯ ಕೈ ಜೋರು. ನೆಗೆಣ್ಣಿಯರೆಂದರೆ ಹಾವು ಮುಂಗುಸಿ ಎಂದು ಹೆದರಿಕೊಂಡು ಬಂದ ನನಗೆ ತವರಿನಲ್ಲೂ ಸಿಗದಂಥ ಅಕ್ಕ ಸಿಕ್ಕಳು.

ನಮ್ಮ ಊರು ಕಲಘಟಗಿಯಿಂದ ತಂಬೂರಿಗೆ ಹೋಗುವ ದಾರಿಯಲ್ಲಿತ್ತು. ಎಪ್ಪತ್ತರ ದಶಕದ ನಡುವಿನ ಮಾತು ಇದು. ಜ್ವರ ಬರಲಿ, ಬಸುರಿಗೆ ಕಾಲು ಬಾತುಕೊಳ್ಳಲಿ, ಚಕ್ಕಡಿ ಹೂಡಿಕೊಂಡು ಕಲಘಟಗಿಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಹುಬ್ಬಳ್ಳಿಗೆ. ಹೋಗುವುದರೊಳಗೆ ಕೆಲವರು ದಾರಿಯಲ್ಲೇ ಮುಗಿಯುತ್ತಿದ್ದರು. ಅಂಥದರಲ್ಲಿ ಹುಬ್ಬಳ್ಳಿಯ ಒಬ್ಬ ಡಾಕ್ಟರಬಾಯಿ ಮಂಗಳವಾರ ಮತ್ತು ಶುಕ್ರವಾರ ನಮ್ಮ ಊರಿಗೆ ಬಂದು ಮಂದಿಯನ್ನು ನೋಡಿ ಹೋಗಲು ಒಪ್ಪಿದರು. ಧಾರವಾಡದ ಮಾಸ್ತರರೊಬ್ಬರ ಮಗಳಂತೆ. ತೆಳ್ಳಗಿನ ಹೆಂಗಸು, ದಪ್ಪ ಕನ್ನಡಕ, ಮಾತು ಚುಟುಕು. ನಾವೆಲ್ಲ ಅವರನ್ನು ಬಾಯಾರು ಎಂದು ಕರೆಯುತ್ತಿದ್ದೆವು. ಗೌಡರು ತಮ್ಮ ಹಳೆ ಮನೆಯ ಪಡಸಾಲೆ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟರೆಂದರೆ ಕೀಲಿ ಕೊಟ್ಟರು, ಅಷ್ಟೆ. ಒಳಗೆ ಆಡಿನ ಹಿಕ್ಕೆ ಬಿದ್ದು ಯಾವ ಕಾಲವಾಗಿತ್ತೋ!

ಮೊದಲ ದಿನ ಬಾವಿಗೆ ಹೊರಟಿದ್ದ ಅಕ್ಕ ಬಾಗಿಲಲ್ಲಿ ಹಣಿಕಿ ಹಾಕಿದಳು. ಡಾಕ್ಟರಬಾಯಿ ಸೆರಗು ಸಿಕ್ಕಿಸಿಕೊಂಡು ಒಬ್ಬರೇ ನೆಲ ಗುಡಿಸುತ್ತಿದ್ದರು. ಹೊರಗೆ ಕಟ್ಟೆಯ ಮೇಲೆ ಮಂದಿ ಕೆಮ್ಮುತ್ತ ನರಳುತ್ತ ಕೂತು, ದೊಡ್ಡ ಡಾಕ್ಟರು ಕಸ ಹೊಡೆಯುವುದನ್ನು ನಾಟಕ ನೋಡಿದಂತೆ ನೋಡುತ್ತಿದ್ದರು.

“ನೀವ ಕಸಾ ಹೊಡಕೋಂತ ಕುಂತ್ರ ಮಂದೀನ ಯಾರ ನೋಡವ್ರು? ತರ್ರಿ ಇಲ್ಲೆ ಕಸಬರಿಗಿ,” ಎಂದು ಅಕ್ಕ ಕೊಡ ಇಳಿಸಿ ಒಳಗೆ ನುಗ್ಗಿದಳು. ಮುಂದಿನ ಸಲ ನನ್ನನ್ನೂ ಎಳೆದುಕೊಂಡು ಹೋದಳು. “ಬಾರ ಬೇ, ಮನ್ಯಾಗ ಕುಂತು ನನ್ನ ಮ್ಯಾಲೆ ಒದರೂಕಿಂತ ಅಲ್ಲಿ ಬಂದು ಮಂದಿ ಮ್ಯಾಲೆ ಒದರು,” ಎಂದಳು. ಹಾಗೆ ನಾನು ಪಾಳಿ ಹಚ್ಚುವವಳಾದೆ. ಬಂದವರನ್ನು ಸಾಲಾಗಿ ಕಟ್ಟೆಯ ಮೇಲೆ ಕೂರಿಸುವುದು, ನಡುವೆ ನುಸುಳುವವರನ್ನು ಹಿಂದಕ್ಕೆ ಅಟ್ಟುವುದು. ಗೌಡರ ಅಳಿಯನನ್ನೂ ಒಮ್ಮೆ ಅಟ್ಟಿದೆ. ಆಮೇಲೆ ನಮ್ಮ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು.

ಯಾರೂ ಹೇಳದೆ ಕೆಲಸ ಹಂಚಿಹೋಯಿತು. ಒಬ್ಬಳು ಕಟ್ಟಿಗೆ ತಂದು ಒಲೆ ಹೊತ್ತಿಸಿ ಸೂಜಿ, ಪಿಚಕಾರಿ ಕುದಿಸುವಳು. ಒಬ್ಬಳು ನೀರು ಹೊರುವಳು. ಹುಣ್ಣು ಒರೆಸಿದ ಬಟ್ಟೆಗಳನ್ನು ಹಳ್ಳಕ್ಕೆ ಒಯ್ದು ಒಗೆದು ಬಿಸಿಲಿಗೆ ಹಾಕಲು ಒಬ್ಬಳು. ಬಮ್ಮಿಗಟ್ಟಿಯಿಂದಲೋ ದೇವಿಕೊಪ್ಪದಿಂದಲೋ ನಡೆಯಲಾರದವರಿದ್ದರೆ ನಮ್ಮ ಗಂಡಸರು ಚಕ್ಕಡಿ ಕಟ್ಟಿಕೊಂಡು ಹೋಗಿ ಕರೆತರುವರು. ಅಕ್ಕನದು ಇಂಥದೇ ಕೆಲಸ ಎಂದಿರಲಿಲ್ಲ. ಸೂಜಿಗೆ ಹೆದರಿ ಕಿರುಚುವ ಕೂಸುಗಳನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕಥೆ ಹೇಳುವಳು. ಮುದುಕರು ತಂದ ಬಾಟಲಿಯಲ್ಲಿ ಸೀಮೆ ಎಣ್ಣೆಯ ವಾಸನೆ ಬಂದರೆ ಬೂದಿ ಹಾಕಿ ತಿಕ್ಕಿಕೊಡುವಳು, ಇಲ್ಲದಿದ್ದರೆ ಔಷಧ ಹಾಳು. ಮಧ್ಯಾಹ್ನ ಡಾಕ್ಟರಬಾಯಿಗೆ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಬಂದು ಎದುರಿಗೆ ನಿಂತು ನೀಡುವಳು. ‘ಸಾಕ್ರಿ’ ಎಂದರೂ ಇನ್ನೊಂದು ತಾಟಿಗೆ ಬಿದ್ದಿರುತ್ತಿತ್ತು.

ಶುರುವಿನ ದಿನಗಳಲ್ಲೇ ಒಂದು ಮಾತಾಯಿತು. ನೀರು ಹೊರುತ್ತಿದ್ದ ಹೆಂಗಸು ತಲೆನೋವೆಂದು ಪಾಳಿ ಬಿಟ್ಟು ಒಳಗೆ ಹೋಗಿ ಗುಳಿಗೆ ತಂದುಕೊಂಡಳು. ಬೆಳಗಿನಿಂದ ಕೂತಿದ್ದ ಬಮ್ಮಿಗಟ್ಟಿಯ ಮುದುಕನೊಬ್ಬ ಅದನ್ನು ನೋಡಿ, “ದವಾಖಾನಿ ಇವರಪ್ಪಂದ ಆತ ಬಿಡ್ರಿ. ನೀರು ಹೊತ್ತವ್ರು ಮೊದಲ, ಬ್ಯಾನಿ ಬಂದವ್ರು ಹಿಂದ,” ಎಂದ. ನಾನು ಅವನ ಮೇಲೆ ಎಗರಿ ಹೋಗಬೇಕೆನ್ನುವಾಗ ಅಕ್ಕ ಕೈ ಹಿಡಿದಳು. ಆಕೆಯ ಮುಖ ಸಣ್ಣಗಾಗಿತ್ತು.

ಅವತ್ತು ಸಂಜೆ ಅಕ್ಕ ನಮ್ಮನ್ನೆಲ್ಲ ಕೂರಿಸಿಕೊಂಡು, “ಇದು ನಮ್ಮ ಮನಿ ಅಂತ ತಿಳಕೋರಿ. ಬಂದವ್ರು ಬೀಗರು. ಬೀಗರು ಉಣ್ಣೂಕಿಂತ ಮೊದಲ ಮನಿಯವ್ರು ಎಲಿ ಹಾಕ್ಕೊಂಡು ಕುಂದ್ರತಾರೇನ? ನಮಗೇನರ ಬ್ಯಾನಿ ಇದ್ರ ಎಲ್ಲಾರದೂ ಮುಗದ ಮ್ಯಾಲೆ ತೋರಿಸಿಕೊಳ್ಳೂಣು,” ಎಂದಳು.

ಯಾರು ಎದುರಾಡುತ್ತಾರೆ? ಲಗ್ನವಿರಲಿ, ದಿನದ ಊಟವಿರಲಿ, ಮನೆಯ ಹೆಂಗಸರು ಎಲ್ಲರಿಗೂ ಬಡಿಸಿ ಕಡೆಗೆ ಉಳಿದದ್ದನ್ನು ಮುಂದಿಟ್ಟುಕೊಂಡು ಕೂರುವುದನ್ನು ನಾವು ಹುಟ್ಟಿದಾಗಿನಿಂದ ನೋಡಿದವರು. ಅದನ್ನೇ ತಂದು ದವಾಖಾನೆಗೂ ಹಚ್ಚಿದೆವು. ಊರಿಗೆಲ್ಲ ಅದು ದೊಡ್ಡಸ್ತಿಕೆಯಾಯಿತು. ‘ಬಂದವ್ರು ಬೀಗರು, ನಮ್ಮೂರ ಹೆಣ್ಮಕ್ಕಳು ಕಡೀ ಪಾಳಿಯವ್ರು’ ಎಂದು ಗೌಡರು ಪರವೂರಿನವರ ಮುಂದೆ ಮೀಸೆ ತಿರುವುತ್ತಿದ್ದರು. ಡಾಕ್ಟರಬಾಯಿಯೂ ನಕ್ಕು, “ಚಲೋ ಪದ್ಧತಿ ಹಾಕೀರಿ,” ಎಂದರು. ಆದರೆ ಮಂದಿ ಮುಗಿಯುವ ಹೊತ್ತಿಗೆ ಹುಬ್ಬಳ್ಳಿ ಮೋಟಾರು ಹಾರ್ನ್ ಹೊಡೆಯುತ್ತ ಬಂದುಬಿಡುತ್ತಿತ್ತು. ಕಂಡಕ್ಟರು ಒಳ್ಳೆಯವನು, ಬಾಯಾರಿಗಾಗಿ ಒಂದಿಷ್ಟು ನಿಲ್ಲಿಸುತ್ತಿದ್ದ. ಡಾಕ್ಟರಬಾಯಿ ಚೀಲ ಹೆಗಲಿಗೆ ಹಾಕಿಕೊಂಡು ಓಡುತ್ತಲೇ ಒಬ್ಬಳಿಗೆ ಗುಳಿಗೆ ಕೊಟ್ಟು, ಇನ್ನೊಬ್ಬಳಿಗೆ ‘ಶುಕ್ರವಾರ ನೋಡತೀನಿ’ ಅನ್ನುತ್ತಿದ್ದರು. ತಲೆನೋವು, ಸೊಂಟನೋವುಗಳಿಗೆ ಅಷ್ಟು ಸಾಕಾಗಿತ್ತು.

ಯುಗಾದಿಯ ಹೊತ್ತಿಗೆ ಅಕ್ಕನ ಗಂಟಲ ಬೇನೆ ಶುರುವಾಯಿತು.

ನಮ್ಮ ಮನೆಯಲ್ಲಿ ಗಂಡಸರದಾಗಿ, ಮಕ್ಕಳದಾಗಿ, ಅತ್ತೆಯದಾಗಿ, ಆಳುಗಳದಾದ ಮೇಲೆ ನಾವಿಬ್ಬರು ಒಲೆಯ ಮುಂದೆ ಕೂರುತ್ತಿದ್ದೆವು. ಒಂದೇ ಬುಟ್ಟಿ, ಒಂದೇ ಗಡಿಗೆ, ಊರ ಸುದ್ದಿಯೆಲ್ಲ ಅಲ್ಲೇ. ಆಕೆ ಉಣ್ಣುವುದನ್ನು ನೋಡುವವಳು ನಾನೊಬ್ಬಳೇ. ಒಂದು ದಿನ ತುತ್ತು ನುಂಗಿ ಎದೆ ಒತ್ತಿಕೊಂಡು, “ರೊಟ್ಟಿ ಇಲ್ಲೇ ನಿಂತೈತಿ ನೋಡ,” ಎಂದು ನೀರು ಕುಡಿದಳು.

“ಅವಸರ ಯಾಕ ಮಾಡ್ತೀಯಕ್ಕಾ, ನಿನ್ನ ಪಾಲಿಂದು ಯಾರೂ ಕಸಗೊಳ್ಳೂದಿಲ್ಲ,” ಎಂದು ನಾನು ನಕ್ಕೆ. ಆಕೆಯೂ ನಕ್ಕಳು. ಆಮೇಲೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಉಣ್ಣತೊಡಗಿದಳು. ಹಲ್ಲಿಲ್ಲದ ಮುದುಕಿಯಾದಿಯಲ್ಲ ಎಂದು ಚೇಷ್ಟೆ ಮಾಡಿದೆ. ಆಮೇಲೆ ಅನ್ನ ಮಜ್ಜಿಗೆ. ಆಮೇಲೆ ಅಂಬಲಿ. ಒಂದು ಮಧ್ಯಾಹ್ನ ನಾನು ಹಿತ್ತಲಿನಿಂದ ಬರುವಾಗ ಆಕೆ ತನ್ನ ಪಾಲಿನ ರೊಟ್ಟಿಯನ್ನು ಮುರಿದು ಎಮ್ಮೆಯ ಬಾನಿಗೆ ಹಾಕುತ್ತಿದ್ದಳು. ಓಡಿಹೋಗಿ ಆಕೆಯ ಕೈ ಹಿಡಿದೆ.

“ಯಕ್ಕಾ, ಏನಿದು? ಬಾಯಾರಿಗೆ ಹೇಳ.”

“ಹೇಳತೀನಿ ತಗೋ. ಮಂದಿ ಮುಗೀಲಿ.”

ಮಂದಿ ಎಲ್ಲಿ ಮುಗಿಯಬೇಕು? ಆ ಹೊತ್ತಿಗೆ ದವಾಖಾನೆಯ ಹೆಸರು ಊರೂರಿಗೆ ಹಬ್ಬಿತ್ತು. ಮಂಗಳವಾರ ಬಂದರೆ ಕಟ್ಟೆ ತುಂಬಿ, ಬೇವಿನ ಗಿಡದ ಕೆಳಗೂ ಮಂದಿ. ಕಡೆಯ ಮುದುಕಿ ಎದ್ದು ಹೋಗುವುದಕ್ಕೂ ಹಾರ್ನ್ ಕೇಳುವುದಕ್ಕೂ ಸರಿಹೋಗುತ್ತಿತ್ತು. ‘ಇವತ್ತ ಭಾಳ ದಣದಾರ ಪಾಪ, ಶುಕ್ರವಾರ ಕೇಳತೀನಿ’ ಎಂದು ಅಕ್ಕ ನನಗೇ ಸಮಾಧಾನ ಹೇಳುವಳು. ಒಂದು ದಿನ ನಾನು ಹಟ ಹಿಡಿದು ಆಕೆಯ ರಟ್ಟೆ ಎಳೆದು ಪಾಳಿಯ ನಡುವೆ ಕೂರಿಸಿದೆ. ನಾನು ಅತ್ತ ತಿರುಗುವುದರಲ್ಲಿ ಆಕೆ ಎದ್ದು, ಕೂಸಿನೊಂದಿಗೆ ಬಂದ ದೇವಿಕೊಪ್ಪದ ಬಾಣಂತಿಯನ್ನು ತನ್ನ ಜಾಗದಲ್ಲಿ ಕೂರಿಸಿ ಒಲೆಗೆ ಕಟ್ಟಿಗೆ ಹಾಕುತ್ತಿದ್ದಳು. ನಾನು ಎಲ್ಲರೆದುರು ಬಾಯಿಗೆ ಬಂದಂತೆ ಬೈದೆ. ಬೈಸಿಕೊಂಡು ಹಲ್ಲು ಕಿಸಿದಳು.

ಕಡೆಗೆ ನಾನೇ ಡಾಕ್ಟರಬಾಯಿಯ ಮುಂದೆ ಹೋಗಿ ನಿಂತು, ‘ಅಕ್ಕಗ ಅನ್ನ ಇಳಿಯವಲ್ಲದ್ರಿ’ ಎಂದೆ. “ಕರೀರಿ ಆಕೀನ್ನ,” ಎಂದರು. ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು, ಕಂಕುಳಲ್ಲಿ ಯಾರದೋ ಕೂಸು.

“ಏನಾಗೇದ್ರಿ ನಿಮಗ?”

“ಏನಿಲ್ರಿ ಬಾಯಾರ, ಗಂಟಲಾಗ ಒಂದೀಟ ಹಿಡದಂಗ ಆಗತೈತಿ. ಇಕೀಗೆ ಎಲ್ಲಾದೂ ದೊಡ್ಡದ. ಮೊದಲ ಈ ಕೂಸಿನ್ನ ನೋಡ್ರಿ, ಉಸರು ಹೆಂಗ ಬಿಡಾಕತ್ತೈತಿ.”

ಕೂಸು ನಿಜವಾಗಿಯೂ ಉಸಿರಿಗೆ ಒದ್ದಾಡುತ್ತಿತ್ತು. ಡಾಕ್ಟರಬಾಯಿ ಅದನ್ನು ಎತ್ತಿಕೊಂಡು, “ಉಪ್ಪಿನ ನೀರಿಲೆ ಗಂಟಲ ತೊಳಕೋರಿ. ಮಂದಿ ಮುಗದ ಮ್ಯಾಲೆ ಇಲ್ಲೇ ಕುಂದರ್ರಿ, ಬಾಯಿ ನೋಡತೀನಿ,” ಎಂದರು. ಮಂದಿ ಮುಗಿಯಿತು. ಅಷ್ಟರಲ್ಲಿ ಒಬ್ಬ ಹುಡುಗ ಪಡಸಾಲೆಯ ತುಂಬ ವಾಂತಿ ಮಾಡಿಕೊಂಡಿದ್ದ, ಅಕ್ಕ ನೆಲ ಬಳಿಯುತ್ತಿದ್ದಳು. ಹಾರ್ನ್ ಆಯಿತು. “ಅಯ್ಯ, ಆಕೀನ್ನ ನೋಡೂದ ಆಗಲಿಲ್ಲ. ಶುಕ್ರವಾರ ನೆನಪ ಮಾಡ್ರಿ ನನಗ,” ಎಂದು ನನಗೆ ಹೇಳಿ ಓಡಿದರು. ಅವರನ್ನು ಏನೆಂದು ಬೈಯಲಿ? ಅವರಿಗೆ ಕಾಣುತ್ತಿದ್ದದ್ದು ರೊಟ್ಟಿಯ ಮೇಲೆ ರೊಟ್ಟಿ ನೀಡುವ ಗಟ್ಟಿಮುಟ್ಟಾದ ಹೆಂಗಸು.

ಅಷ್ಟರಲ್ಲಿ ಮುಂಗಾರು ಹಿಡಿದಿತ್ತು; ಆ ಶುಕ್ರವಾರ ಹಳ್ಳ ತುಂಬಿ ಮೋಟಾರೇ ಬರಲಿಲ್ಲ. ಮುಂದಿನ ಮಂಗಳವಾರದ ಹೊತ್ತಿಗೆ ಹೊಸ ನೀರಿಗೆ ಸುತ್ತಲಿನ ಊರುಗಳಲ್ಲಿ ವಾಂತಿ ಭೇದಿ ಹತ್ತಿತು. ಶಿವನೇ, ಆ ದಿನಗಳು ಯಾರಿಗೂ ಬೇಡ. ಪಡಸಾಲೆಯ ತುಂಬ ಚಾಪೆ, ಹೊರಸು. ಡಾಕ್ಟರಬಾಯಿ ಗೌಡರ ಮನೆಯಲ್ಲೇ ಉಳಿದುಕೊಂಡರು. ಒಂದು ಕೊಡ ಕುದಿಸಿದ ನೀರಿಗೆ ಉಪ್ಪು ಸಕ್ಕರೆ ಹಾಕಿ, ಚಮಚೆ ಚಮಚೆಯಾಗಿ ಬಿಡದೆ ಕುಡಿಸುತ್ತಲೇ ಇರಿ ಎಂದು ನಮಗೆ ಹೇಳಿಕೊಟ್ಟರು. ಅಕ್ಕ ಒಬ್ಬರ ತಲೆದೆಸೆಯಿಂದ ಇನ್ನೊಬ್ಬರ ತಲೆದೆಸೆಗೆ ಸರಿಯುತ್ತ ಕುಡಿಸಿದಳು. ‘ನುಂಗಪ್ಪಾ, ಇನ್ನೊಂದ ಗುಟಕ, ಇಳೀತು ನೋಡ, ಇಳೀತು’ ಎಂದು ಗಲ್ಲ ಸವರುವಳು. ತನಗೆ ಇಳಿಯುತ್ತಿದ್ದದ್ದು ತಿಳಿ ಗಂಜಿ ಮಾತ್ರ, ಅದೂ ಅರ್ಧ ಹೊರಗೆ ಬರುತ್ತಿತ್ತು. ನಾನು ಅದನ್ನು ನೋಡಿ ಹಲ್ಲು ಕಚ್ಚಿಕೊಂಡು ಓಡಾಡಿದೆ. ಸಾಯುವ ಮಂದಿಯ ನಡುವೆ ಯಾರ ಮುಂದೆ ಹೋಗಿ ಏನು ಹೇಳಬೇಕು?

ಬೇನೆ ಇಳಿಯಿತು. ಡಾಕ್ಟರಬಾಯಿ ತಾವೇ ಜ್ವರದಲ್ಲಿ ಬಿದ್ದು ಹುಬ್ಬಳ್ಳಿ ಸೇರಿದವರು ಕೆಲವು ವಾರ ಬರಲಿಲ್ಲ. ಅಕ್ಕನ ಕುಬಸ ಮೈಯಲ್ಲಿ ಜೋಲಾಡತೊಡಗಿತು, ಬಳೆಗಳು ಮೊಳಕೈಗೆ ಸರಿದವು. ಊರೆಲ್ಲ ಒಂದೇ ಮಾತು: ಮಂದಿಗೆ ಮಾಡಿ ಮಾಡಿ ದಣದಾಳ, ಸೊರಗ್ಯಾಳ, ಎಂಥಾ ಜೀವ! ಹೊಗಳಿ ಹೊಗಳಿ ಬೇನೆಯನ್ನು ಮುಚ್ಚಿಹಾಕಿದರು. ಅತ್ತೆಯೂ, “ದವಾಖಾನಿ ಬಿಟ್ಟು ಒಂದೀಟ ಮನ್ಯಾಗ ಬೀಳು, ಮೈ ಹಿಡೀತೈತಿ,” ಎಂದಳು.

ನಾನು ಭಾವನ ಮುಂದೆ ಹೋಗಿ ನಿಂತೆ. ಭಾವನ ಮುಂದೆ ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ; ಅವತ್ತು ಅದನ್ನು ಒಲೆಗೆ ಹಾಕಿದೆ.

“ಅಕ್ಕ ಉಣವಲ್ಲಳ್ರಿ.”

“ಉಣ್ಣಾಕತ್ತಾಳಲ್ಲ? ದಿನಾ ಅಡಗಿ ಆಗತೈತಿ, ಖಾಲಿ ಆಗತೈತಿ.”

“ಆಕಿ ಉಣ್ಣೂದು ನೀವು ಎಂದರ ನೋಡೀರೇನ್ರಿ?”

 ಇಪ್ಪತ್ತು ವರುಷದ ಮೇಲಿನ ಸಂಸಾರದಲ್ಲಿ ಭಾವ ಒಮ್ಮೆಯೂ ನೋಡಿರಲಿಲ್ಲ ಪಾಪ, ಎಲ್ಲಿಂದ ನೋಡಬೇಕು? ಅವನು ಉಂಡು ಎದ್ದು ಕೈ ತೊಳೆದು ಹೊಲಕ್ಕೆ ಹೋದ ಮೇಲಲ್ಲವೇ ಆಕೆ ಕೂರುತ್ತಿದ್ದದ್ದು. ಮರುದಿನವೇ ಹುಬ್ಬಳ್ಳಿಗೆ ಹೋಗೋಣ ಎಂದು ಭಾವ ಹೊರಟ. ಅಕ್ಕ ಒಪ್ಪಲಿಲ್ಲ. “ಹುಬ್ಬಳ್ಳಿ ಡಾಕ್ಟರು ಇಲ್ಲೇ ಬರೂವಾಗ ನಾ ಯಾಕ ಅಲ್ಲಿಗೆ ಹೋಗ್ಲಿ? ಬಾಯಾರಿಗೆ ಅವಮಾನ ಆಗತೈತಿ,” ಎಂದಳು. ಎಂಥ ಮಾತು ನೋಡಿ! ಬಾಯಾರು ಬರುವ ಮಂಗಳವಾರಕ್ಕೆ ಇನ್ನೇನು ದೂರವಿರಲಿಲ್ಲ. ಇಷ್ಟು ದಿನ ಕಾದವರು ಅಷ್ಟು ಕಾದೆವು.

ಈ ಸಲ ನಾನು ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ಹೇಳಿದೆ. ಅವರೂ ಗಾಬರಿಯಾದರು. ಮಂಗಳವಾರ ಮೋಟಾರು ಬರುವುದಕ್ಕೆ ಮುಂಚೆಯೇ ಅಕ್ಕನನ್ನು ಪಡಸಾಲೆಗೆ ಕರೆದುಕೊಂಡು ಹೋಗಿ, ಬಾಗಿಲಿಗೆ ಹತ್ತಿರದ ಮೊದಲ ಜಾಗದಲ್ಲಿ ಕೂರಿಸಿದೆವು. ಕೂತಳು, ತಟ್ಟನೆ ಎದ್ದಳು. “ಮಂದಿ ಬಂದೈತಿ ಬೇ, ಇದೇನು ನಾಚಿಗಿಗೇಡು,” ಎಂದು ಒಲೆಯ ಕಡೆ ಹೊರಟಳು. ಆಗ ಕಟ್ಟೆಯ ಮೇಲಿನ ಸಾಲಿನಿಂದ ದೇವಿಕೊಪ್ಪದ ಒಬ್ಬ ಮುದುಕಿ ಎದ್ದು ಬಂದು ಆಕೆಯ ದಾರಿಗೆ ಅಡ್ಡ ನಿಂತಳು. ವಾಂತಿ ಭೇದಿಯಲ್ಲಿ ಆ ಮುದುಕಿಯ ಮೊಮ್ಮಗನಿಗೆ ಅಕ್ಕನೇ ಚಮಚೆಯಿಂದ ನೀರು ಕುಡಿಸಿ ಉಳಿಸಿಕೊಂಡಿದ್ದಳು.

“ನಾವು ಬೀಗರಲ್ಲನ? ಬೀಗರ ಮಾತು ಮೀರಬಾರದು. ಇವತ್ತ ನಾವು ನೀಡಾವ್ರು, ನೀ ಕುಂದರಾಕಿ. ಕುಂದರು ನನ್ನವ್ವಾ,” ಎಂದು ಮುದುಕಿ ಆಕೆಯ ಎರಡೂ ಹೆಗಲು ಹಿಡಿದು ಅದುಮಿ ಕೂರಿಸಿದಳು. ಕಟ್ಟೆಯ ಮೇಲಿದ್ದವರೆಲ್ಲ, ಜ್ವರದವರೂ ಕೆಮ್ಮಿನವರೂ, ‘ಕುಂದರವಾ, ಕುಂದರು’ ಎಂದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ನನಗೆ ಮಾತ್ರ ಆ ಗಳಿಗೆಯಲ್ಲಿ ಸಂತೋಷವಾಗಿತ್ತು, ಇನ್ನು ಎಲ್ಲ ಸರಿಹೋಗುತ್ತದೆ ಎಂದೇ ತಿಳಿದಿದ್ದೆ.

ಹಳೆ ಸೀರೆಯ ಪರದೆಯ ಹಿಂದೆ ಡಾಕ್ಟರಬಾಯಿ ಅಕ್ಕನನ್ನು ಕಂಡವರೇ ನಿಂತುಬಿಟ್ಟರು. ಕೆಲವೇ ವಾರಗಳಲ್ಲಿ ಆಕೆ ಅವರಿಗೂ ಗುರುತು ಸಿಗದಂತಾಗಿದ್ದಳು. ನೀರು ಕೊಟ್ಟು ಕುಡಿಯಲು ಹೇಳಿದರು. ಅಕ್ಕ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಹೆಣಗಿದಳು. ನೀರು ತಿರುಗಿ ಬಂತು. ಡಾಕ್ಟರಬಾಯಿ ಆಕೆಯ ಕುತ್ತಿಗೆಯ ಬುಡದಲ್ಲಿ ಬೆರಳಿಟ್ಟು ಒತ್ತಿ ನೋಡಿದರು, ಅಲ್ಲೇ ಬೆರಳು ನಿಂತಿತು. “ಯಾವಾಗಿನಿಂದ?” ಎಂದು ಕೇಳಿದರು. ‘ಯುಗಾದಿಯಿಂದ’ ಎಂದು ನಾನೇ ಹೇಳಿದೆ. ಅವರು ಕನ್ನಡಕ ತೆಗೆದರು.

“ವಾರಕ್ಕ ಎರಡ ಸಲ ಇವರ ಕೈಲೆ ಉಂಡೇನಿ ನಾನು. ಎದುರಿಗೇ ನಿಂತಿರ್ತಿದ್ರು. ಒಮ್ಮೆರೆ ನಿಮ್ಮ ಊಟ ಆತೇನ್ರಿ ಅಂತ ಕೇಳಲಿಲ್ಲಲ್ಲ,” ಎಂದವರು ಅತ್ತೇಬಿಟ್ಟರು. ಅಕ್ಕ ಅವರ ಬೆನ್ನ ಮೇಲೆ ಕೈಯಾಡಿಸಿ, “ನೀವ್ಯಾಕ ಅಳತೀರಿ ಬಾಯಾರ? ಹೊರಗ ಮಂದಿ ಐತಿ, ಗಾಬರಿ ಆಗತಾರ,” ಎಂದಳು. ಸಾಯುವವಳು ಡಾಕ್ಟರರನ್ನು ಸಮಾಧಾನ ಮಾಡುವುದನ್ನು ನಾನು ನೋಡಿದೆ.

ಅವತ್ತಿನ ಮೋಟಾರಿಗೇ ಡಾಕ್ಟರಬಾಯಿ ನಮ್ಮನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿಂದ ಮಿರಜಿನ ದೊಡ್ಡ ದವಾಖಾನೆಗೆ ಹೋಗಲು ಹೇಳಿದರು. ಭಾವ, ಅಕ್ಕ, ನಾನು ರೈಲು ಹತ್ತಿದೆವು. ಸುಣ್ಣದ ನೀರಿನಂಥದ್ದನ್ನು ಕುಡಿಸಿ ಎಕ್ಸರೇ ಫೋಟೋ ತೆಗೆದರು. ಅನ್ನದ ದಾರಿಯಲ್ಲಿ ಗಂಟು ಬೆಳೆದು ದಾರಿ ದಾರದಷ್ಟಾಗಿತ್ತು. ಅದು ಕುತ್ತಿಗೆಗೂ ಹಬ್ಬಿತ್ತು. ಮೈಯಲ್ಲಿ ರಕ್ತವಿಲ್ಲ, ಕೊಯ್ದರೆ ತಡೆಯುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ‘ರೊಟ್ಟಿ ನಿಲ್ಲೂ ಮುಂದ ತಂದಿದ್ರ...’ ಎಂದು ಅಲ್ಲಿನ ವಯಸ್ಸಾದ ಡಾಕ್ಟರರು ಮಾತು ಶುರುಮಾಡಿ, ಭಾವನ ಮುಖ ನೋಡಿ ನಿಲ್ಲಿಸಿದರು. ನಿಲ್ಲಿಸಬಾರದಿತ್ತು. ತಂದಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಯಾರಾದರೂ ನೆಟ್ಟಗೆ ಹೇಳಬೇಕಾಗಿತ್ತು. ಇವತ್ತಿಗೂ ನನಗೆ ಅದು ಗೊತ್ತಿಲ್ಲ.

ಅದಾದ ಮೇಲೆ ಡಾಕ್ಟರಬಾಯಿ ದವಾಖಾನೆಯ ಪಾಳಿಯನ್ನೇ ಬದಲು ಮಾಡಿದರು. ಬಂದೊಡನೆ ಬಾಗಿಲು ಮುಂದೆ ಮಾಡಿ, ಮೊದಲು ಕೆಲಸದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಕಣ್ಣು, ನಾಲಿಗೆ, ಎದೆ ನೋಡುವುದು, ‘ಇವತ್ತ ಏನ ಉಂಡಿರಿ’ ಎಂದು ಕೇಳುವುದು, ಆಮೇಲೆ ಬೇರೆಯವರು. ಹೆಂಗಸರು ಮೊದಮೊದಲು ನಾಚಿ ಒಬ್ಬರ ಹಿಂದೆ ಒಬ್ಬರು ಅಡಗುತ್ತಿದ್ದರು. ನಾನು ಗದರಿಸಿ ಕೂರಿಸುತ್ತಿದ್ದೆ. ಪರವೂರಿನವರು ಯಾರೂ ಚಕಾರ ಎತ್ತಲಿಲ್ಲ. ಬಮ್ಮಿಗಟ್ಟಿಯ ಆ ಮುದುಕನೂ ಸುಮ್ಮನೆ ಕೂತಿರುತ್ತಿದ್ದ. ಅಕ್ಕನ ಸುದ್ದಿ ಎಲ್ಲರಿಗೂ ಮುಟ್ಟಿತ್ತು.

ಅಕ್ಕನ ಹೊರಸನ್ನು ಅಡುಗೆಮನೆಗೆ ಹತ್ತಿರದ ಕೋಣೆಯಲ್ಲಿ ಹಾಕಿದ್ದೆವು. ಮಗಳು ಕುಂದಗೋಳದ ಕಡೆಯಿಂದ ಬಂದು ಕಾಲು ಒತ್ತುತ್ತ ಕೂತಿರುತ್ತಿದ್ದಳು. ಡಾಕ್ಟರಬಾಯಿ ಮಂಗಳವಾರ ಶುಕ್ರವಾರ ತಪ್ಪದೆ ಬಂದು ನೋವಿಗೆ ಸೂಜಿ ಹಾಕಿ ಹೋಗುವರು. ಹತ್ತಿಯನ್ನು ನೀರಲ್ಲಿ ಅದ್ದಿ ತುಟಿಗೆ ಒತ್ತುವುದೊಂದೇ ನಮ್ಮ ಕೈಯಲ್ಲಿ ಉಳಿದದ್ದು. ಅತ್ತೆ ದಿನಾ ಮುಂಜಾನೆ ಹಣೆಗೆ ಈಬತ್ತಿ ಹಚ್ಚಿ, ಸೊಸೆಯ ಮುಖ ನೋಡಲಾರದೆ ಹೊರಗೆ ಹೋಗಿಬಿಡುತ್ತಿದ್ದಳು.

ಅದು ಒಂದು ಶುಕ್ರವಾರದ ಮಧ್ಯಾಹ್ನ. ಓಣಿಯ ಹೆಂಗಸರು ದವಾಖಾನೆಗೆ ಹೋಗಿದ್ದರು, ಗಂಡಸರು ಹೊಲದಲ್ಲಿ, ಮಗಳು ಬಟ್ಟೆ ಒಗೆಯಲು ಹಳ್ಳಕ್ಕೆ. ನಾನೊಬ್ಬಳೇ ಹತ್ತಿರ ಕೂತಿದ್ದೆ. ಅಕ್ಕ ಬೆರಳು ಅಲುಗಿಸಿ ಕರೆದಳು. ದನಿ ಹೋಗಿತ್ತು, ಬಾಯಿಗೆ ಕಿವಿ ಹಚ್ಚಿ ಕೇಳಬೇಕಾಗಿತ್ತು.

“ಹಸಿವಿ ಆಗೈತಿ ಬೇ.”

 ಆಕೆಯೊಂದಿಗೆ ಒಂದೇ ಒಲೆಯ ಮುಂದೆ ಅಷ್ಟು ವರುಷ ಕಳೆದಿದ್ದೆ. ಎಲ್ಲರದೂ ಮುಗಿಯುವ ತನಕ ಹೊತ್ತು ಎಷ್ಟೇ ಏರಲಿ, ಆ ಮಾತು ಆಕೆಯ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ.

“ಭಾಳ ಹಸಿವಿ ಆಗೈತಿ,” ಎಂದಳು ಇನ್ನೊಮ್ಮೆ.

ಎದ್ದು ಅಡುಗೆಮನೆಗೆ ಹೋದೆ. ಏನು ಮಾಡಲಿ ಎಂದು ಯೋಚಿಸಲಿಲ್ಲ, ಕೈ ತಾನೇ ಹಿಟ್ಟಿಗೆ ಹೋಯಿತು. ಒಲೆ ಹೊತ್ತಿಸಿ, ಬಿಸಿನೀರು ಹಾಕಿ ನಾದಿ, ಒಂದು ಜೋಳದ ರೊಟ್ಟಿ ತಟ್ಟಿದೆ. ಉಬ್ಬಿ ಬಂತು. ಬೆಣ್ಣೆ ಸವರಿ, ಬದನೆಕಾಯಿ ಪಲ್ಯ ಹಾಕಿ, ತಾಟು ತಂದು ಆಕೆಯ ಎದುರಿಗಿಟ್ಟೆ. ಇಟ್ಟ ಮೇಲೆ ನಾನು ಏನು ಮಾಡಿದ್ದೇನೆ ಎಂದು ಗೊತ್ತಾಗಿ ತಾಟನ್ನು ಎತ್ತಲು ಹೋದೆ. ಅಕ್ಕ ಬೇಡವೆಂದು ಕೈ ಮಾಡಿದಳು. ಮೂಗು ಅರಳಿಸಿ ಆ ಬಿಸಿ ರೊಟ್ಟಿಯ ವಾಸನೆ ತೆಗೆದುಕೊಂಡಳು. ಕಣ್ಣಿನ ಎರಡೂ ಕಡೆಯಿಂದ ನೀರು ಕಿವಿಗೆ ಇಳಿಯಿತು.

“ನೀ ಉಣ್ಣು,” ಎಂದಳು.

“ಯಕ್ಕಾ...”

“ಉಣ್ಣು. ನನ್ನ ಮುಂದ ಕುಂತು ಉಣ್ಣು. ನೋಡತೀನಿ.”

ತುತ್ತು ಮುರಿದು ಬಾಯಿಗೆ ಹಾಕಿಕೊಂಡೆ. ಆಕೆ ನನ್ನ ಗಂಟಲನ್ನೇ ನೋಡುತ್ತಿದ್ದಳು. ‘ನುಂಗು’ ಎಂದು ನಾನು ಗಂಟಲಿಗೆ ಹೇಳಬೇಕಾಯಿತು. ಇಳಿಯಿತು. ಆಕೆ ತುಟಿ ಅಲುಗಿಸಿದಳು. ಚಲೋ ಆಗೈತೇನ ಎಂದು ಕೇಳುತ್ತಿದ್ದಾಳೆಂದು ತಿಳಿಯಿತು. ‘ಚಲೋ ಆಗೈತಿ’ ಎಂದೆ. ಅಳುತ್ತಲೇ ಉಂಡೆ. ಇಡೀ ರೊಟ್ಟಿ ಉಂಡೆ. ತಾಟಿನಲ್ಲಿ ಒಂದು ಚೂರೂ ಬಿಡಲಿಲ್ಲ. ಆಕೆ ಕಡೆಯ ತುತ್ತಿನ ತನಕ ನೋಡುತ್ತಿದ್ದು, ನಾನು ಕೈ ತೊಳೆದ ಮೇಲೆ ಕಣ್ಣು ಮುಚ್ಚಿಕೊಂಡಳು.

ಸಂಜೆ ಡಾಕ್ಟರಬಾಯಿ ಮಂದಿ ಮುಗಿಸಿ ಮನೆಗೆ ಬಂದು ನಾಡಿ ಹಿಡಿದು ನೋಡಿದಾಗ ಅಕ್ಕ ಹೋಗಿದ್ದಳು.